ರಾಯ ಅಸೋಕ ಸನ್ನತಿಯಲ್ಲೇ ಇರಲಿ: ಹೊಸ ರಾಷ್ಟ್ರೀಯ ವಸ್ತುಸಂಗ್ರಹಾಲಯ ಕಟ್ಟುತ್ತಿರುವವರಿಗೆ ಒಂದು ಬಹಿರಂಗ ಪತ್ರ

ಕೇಂದ್ರ ಸಂಸ್ಕೃತಿ ಸಚಿವಾಲಯದ ಮಾನ್ಯರಿಗೆ, ಮತ್ತು ದಿಲ್ಲಿಯ ಉತ್ತರ, ದಕ್ಷಿಣ ಬ್ಲಾಕ್‌ಗಳಲ್ಲಿ ‘ಯುಗೇ ಯುಗೀನ್ ಭಾರತ್’ ವಸ್ತುಸಂಗ್ರಹಾಲಯವನ್ನು ರೂಪಿಸುತ್ತಿರುವ ಎಲ್ಲರಿಗೂ,

ನಮಸ್ಕಾರಗಳು.

ನಾನು ಕಲಬುರಗಿ ಜಿಲ್ಲೆಯ ಹೈಸ್ಕೂಲುಗಳಲ್ಲಿ ಇತಿಹಾಸ ಕಲಿಸಿ ನಿವೃತ್ತನಾದ ಮಾಸ್ತರ. 2023ರ ಮೇ ತಿಂಗಳಲ್ಲಿ ನಿಮ್ಮ ಯೋಜನೆ ಘೋಷಣೆಯಾದ ದಿನದಿಂದ ಅದರ ಸುದ್ದಿಯನ್ನು ಆಸೆಯಿಂದಲೂ ಆತಂಕದಿಂದಲೂ ಓದುತ್ತ ಬಂದಿದ್ದೇನೆ. 1.17 ಲಕ್ಷ ಚದರ ಮೀಟರ್ ಜಾಗ, 950 ಕೊಠಡಿ, 5000 ವರ್ಷಗಳ ಕಥೆ. ಬ್ರಿಟಿಷರು ನಮ್ಮನ್ನು ಆಳಲು ಕಟ್ಟಿಸಿದ ಕಟ್ಟಡಗಳಲ್ಲಿ ನಮ್ಮ ಚರಿತ್ರೆಯೇ ಕೂರುತ್ತದೆ ಎಂಬುದು ಯಾರಿಗಾದರೂ ಹೆಮ್ಮೆ ತರುವ ಮಾತು. ನನಗೂ ಹೆಮ್ಮೆಯಿದೆ. ಆದರೆ ಅಷ್ಟು ಕೊಠಡಿಗಳನ್ನು ತುಂಬಲು ವಸ್ತುಗಳು ಬೇಕು, ವಸ್ತುಗಳು ಎಲ್ಲಿಂದಲೋ ಬರಬೇಕು. ಆ ‘ಎಲ್ಲಿಂದಲೋ’ ಎಂಬುದು ಯಾರದೋ ಊರು. ಅದಕ್ಕಾಗಿ ಈ ಪತ್ರ.

ನಮ್ಮ ಚಿತ್ತಾಪುರ ತಾಲ್ಲೂಕಿನಲ್ಲಿ, ಭೀಮಾ ನದಿಯ ದಂಡೆಯಲ್ಲಿ ಸನ್ನತಿ ಇದೆ. ಅದಕ್ಕೆ ಹೊಂದಿಕೊಂಡಂತೆ ಕನಗನಹಳ್ಳಿ. 1990ರ ದಶಕದಲ್ಲಿ ಭಾರತೀಯ ಪುರಾತತ್ವ ಸರ್ವೇಕ್ಷಣ ಇಲಾಖೆ ಅಲ್ಲಿ ಅಗೆದಾಗ ಒಂದು ಮಹಾಸ್ತೂಪ ಮಣ್ಣಿನಿಂದ ಮೇಲೆದ್ದಿತು. ಅಲ್ಲಿನ ಶಾಸನಗಳು ಅದನ್ನು ‘ಅಧೋಲೋಕ ಮಹಾಚೈತ್ಯ’ ಎಂದು ಕರೆಯುತ್ತವೆ. ಸ್ತೂಪದ ಮೈಗೆ ಹೊದಿಸಿದ್ದ ಸುಣ್ಣದಕಲ್ಲಿನ ಫಲಕಗಳಲ್ಲಿ ಒಂದರಲ್ಲಿ ಒಬ್ಬ ರಾಜ ನಿಂತಿದ್ದಾನೆ. ಪಕ್ಕದಲ್ಲಿ ರಾಣಿ, ಸುತ್ತ ಚಾಮರ ಹಿಡಿದ, ಛತ್ರ ಹಿಡಿದ ಪರಿಚಾರಿಕೆಯರು. ಮೇಲೆ ಬ್ರಾಹ್ಮಿ ಅಕ್ಷರಗಳಲ್ಲಿ ಎರಡೇ ಪದ: ‘ರಾಯ ಅಸೋಕೋ’. ಹೆಸರು ಬರೆದು ಗುರುತು ಹೇಳಿದ ಅಶೋಕನ ಶಿಲ್ಪ ಸಿಕ್ಕಿದ್ದು ನಮ್ಮ ಭೀಮಾ ತೀರದಲ್ಲಿ. ಅಶೋಕ ಸತ್ತು ಶತಮಾನಗಳಾದ ಮೇಲೆ ಕೆತ್ತಿದ್ದು ಅದು, ಆದ್ದರಿಂದ ಅವನ ಮುಖ ಹಾಗೇ ಇತ್ತೆಂದು ಯಾರೂ ಹೇಳಲಾರರು. ಶಿಲ್ಪಿಗೆ ಮತ್ತು ಅವನಿಗೆ ಕೆಲಸ ಕೊಟ್ಟವರಿಗೆ ಆ ರಾಜ ನೆನಪಿನಲ್ಲಿದ್ದ ಎಂಬುದಷ್ಟೇ ಖಚಿತ. ನನ್ನ ಪಾಲಿಗೆ ಅದೇ ದೊಡ್ಡದು.

ಈ ಶಿಲೆ ನಿಮ್ಮ ಕಣ್ಣಿಗೆ ಬೀಳದೆ ಇರಲಾರದು. ಇದನ್ನು ದಿಲ್ಲಿಗೆ ಒಯ್ಯುತ್ತೇವೆ ಎಂದು ನೀವು ಹೇಳಿಲ್ಲ, ಹೇಳಿದ್ದೀರೆಂದು ನಾನೂ ಹೇಳುತ್ತಿಲ್ಲ. ಆದರೆ ಮೌರ್ಯರ ಗ್ಯಾಲರಿಯಲ್ಲಿ ಏನಿಡಬೇಕು ಎಂದು ಪಟ್ಟಿ ಮಾಡಲು ಕೂತವರು ಮೊದಲ ಪುಟದಲ್ಲೇ ಬರೆದುಕೊಳ್ಳುವಂಥ ವಸ್ತು ಇದು. ಬರೆದುಕೊಳ್ಳುವ ಮೊದಲು ಈ ಮಾಸ್ತರನ ಮಾತು ಒಂದಿಷ್ಟು ಕೇಳಿ.

ಅಶೋಕ ಎಂಬ ಹೆಸರು ಈ ದೇಶಕ್ಕೆ ಮರಳಿ ಸಿಕ್ಕ ಬಗೆಯೇ ಒಂದು ಪಾಠ. 1837ರಲ್ಲಿ ಇಂಗ್ಲಿಷ್ ವಿದ್ವಾಂಸ ಜೇಮ್ಸ್ ಪ್ರಿನ್ಸೆಪ್ ಬ್ರಾಹ್ಮಿಯನ್ನು ಓದಿದಾಗ ಶಾಸನಗಳಲ್ಲಿ ಕಂಡದ್ದು ‘ದೇವಾನಾಂಪ್ರಿಯ ಪ್ರಿಯದರ್ಶಿ’. ಅವನೇ ಅಶೋಕ ಎಂಬುದನ್ನು ಸಿಂಹಳದ ಬೌದ್ಧ ಗ್ರಂಥಗಳ ಆಸರೆಯಿಂದ ಊಹಿಸಬೇಕಾಯಿತು. ಕಲ್ಲಿನ ಮೇಲೇ ಆ ಹೆಸರು ಕಂಡದ್ದು 1915ರಲ್ಲಿ, ರಾಯಚೂರು ಜಿಲ್ಲೆಯ ಮಸ್ಕಿಯಲ್ಲಿ. ಕಂಡವರು ಚಿನ್ನದ ಅದಿರು ಹುಡುಕುತ್ತಿದ್ದ ಇಂಜಿನಿಯರ್ ಬೀಡನ್. ಮುಂದೆ ಬಳ್ಳಾರಿ ಸೀಮೆಯ ನಿಟ್ಟೂರು, ಉಡೇಗೋಳಗಳಲ್ಲೂ, ಮಧ್ಯಪ್ರದೇಶದ ಗುಜರ್ರಾದಲ್ಲೂ ಆ ಹೆಸರು ಸಿಕ್ಕಿತು. ಅಂದರೆ ಅಶೋಕ ತನ್ನ ಹೆಸರು ಹೇಳಿಕೊಂಡ ನಾಲ್ಕು ಬಂಡೆಗಳಲ್ಲಿ ಮೂರು ಕನ್ನಡ ನೆಲದಲ್ಲಿವೆ. ಅವು ಇವತ್ತಿಗೂ ಅಲ್ಲಲ್ಲೇ ಇವೆ. ಬಂಡೆಗಳಾದ್ದರಿಂದ ಅವನ್ನು ಎತ್ತಿಕೊಂಡು ಹೋಗಲಾಗದು. ಮಸ್ಕಿಯ ಗುಡ್ಡಕ್ಕೆ ಮಕ್ಕಳನ್ನು ಕರೆದುಕೊಂಡು ಹೋದಾಗಲೆಲ್ಲ ಅದು ಅವುಗಳ ಪುಣ್ಯ ಎಂದುಕೊಂಡಿದ್ದೇನೆ. ಬ್ರಹ್ಮಗಿರಿಯ ಶಾಸನದ ಕೊನೆಯಲ್ಲಿ ಚಪಡ ಎಂಬ ಲಿಪಿಕಾರ ತನ್ನ ಕಸುಬಿನ ಹೆಸರನ್ನು ವಾಯವ್ಯದ ಖರೋಷ್ಠಿ ಲಿಪಿಯಲ್ಲಿ ಬರೆದಿದ್ದಾನೆ. ಎಲ್ಲಿಯ ಗಾಂಧಾರ, ಎಲ್ಲಿಯ ಚಿತ್ರದುರ್ಗ! ದೇಶ ಎಷ್ಟು ದೊಡ್ಡದು, ಅದರ ಊರುಗಳು ಒಂದಕ್ಕೊಂದು ಹೇಗೆ ಹೆಣೆದುಕೊಂಡಿದ್ದವು ಎಂದು ಮಗುವಿಗೆ ತಿಳಿಸಲು ಆ ಬಂಡೆಯ ಎದುರು ನಿಲ್ಲಿಸಿದರೆ ಸಾಕು, ಭಾಷಣ ಬೇಕಿಲ್ಲ.

ಇನ್ನೂ ಒಂದು ಉದಾಹರಣೆ ನಿಮ್ಮ ಕೈಯಲ್ಲೇ ಇದೆ. ನೀವು ಹೊರಡಿಸುವ ಪ್ರತಿ ಆದೇಶದ ನೆತ್ತಿಯ ಮೇಲೆ ಸಾರನಾಥದ ಸಿಂಹಗಳಿರುತ್ತವೆ. 1904–05ರ ಉತ್ಖನನದಲ್ಲಿ ಸಿಕ್ಕ ಆ ಸ್ತಂಭಶೀರ್ಷ 1950ರ ಜನವರಿ 26ರಂದು ಗಣರಾಜ್ಯದ ಲಾಂಛನವಾಯಿತು. ಮೂಲ ಶಿಲ್ಪ ಮಾತ್ರ ಸಾರನಾಥ ಬಿಟ್ಟು ಕದಲಿಲ್ಲ. 1910ರಲ್ಲಿ ಶುರುವಾದ ಅಲ್ಲಿನ ಸ್ಥಳ ಮ್ಯೂಸಿಯಂನಲ್ಲೇ ಅದು ಇದೆ. ಇಡೀ ರಾಷ್ಟ್ರದ ಗುರುತು ಸಿಕ್ಕ ಜಾಗದಲ್ಲೇ ಇರುವುದರಿಂದ ರಾಷ್ಟ್ರಕ್ಕೆ ಯಾವ ಕೊರತೆಯೂ ಆಗಿಲ್ಲ. ನೋಟಿನ ಮೇಲೆ, ನಾಣ್ಯದ ಮೇಲೆ, ಪಾಸ್‌ಪೋರ್ಟಿನ ಮೇಲೆ ಆ ಸಿಂಹಗಳು ಊರೂರಿಗೆ ಹೋದವು. ನೋಡಬೇಕೆನ್ನುವವರು ಸಾರನಾಥಕ್ಕೆ ಹೋಗುತ್ತಾರೆ, ಬುದ್ಧ ಮೊದಲ ಉಪದೇಶ ಕೊಟ್ಟ ನೆಲದ ಮೇಲೆ ನಿಂತು ನೋಡುತ್ತಾರೆ.

ಇದಕ್ಕೆ ವಿರುದ್ಧವಾದ ಉದಾಹರಣೆಯೂ ದಿಲ್ಲಿಯಲ್ಲೇ ಇದೆ. ನಮ್ಮ ರಾಷ್ಟ್ರೀಯ ಮ್ಯೂಸಿಯಂ ಹುಟ್ಟಿದ ಕಥೆ ನಿಮಗೆ ನನಗಿಂತ ಚೆನ್ನಾಗಿ ಗೊತ್ತು, ಓದುವ ಜನರಿಗಾಗಿ ಹೇಳುತ್ತೇನೆ. 1947–48ರಲ್ಲಿ ಲಂಡನ್ನಿನ ರಾಯಲ್ ಅಕಾಡೆಮಿಯಲ್ಲಿ ಭಾರತೀಯ ಕಲೆಯ ದೊಡ್ಡ ಪ್ರದರ್ಶನ ನಡೆಯಿತು. ದೇಶದ ಬೇರೆ ಬೇರೆ ಮ್ಯೂಸಿಯಂಗಳು, ಸಂಸ್ಥಾನಗಳು ತಮ್ಮಲ್ಲಿದ್ದ ಶ್ರೇಷ್ಠ ಶಿಲ್ಪಗಳನ್ನು ಅದಕ್ಕಾಗಿ ಎರವಲು ಕೊಟ್ಟವು. ಅವು ಹಿಂದಿರುಗಿದ ಮೇಲೆ 1948ರ ಚಳಿಗಾಲದಲ್ಲಿ ಇಂದಿನ ರಾಷ್ಟ್ರಪತಿ ಭವನದಲ್ಲಿ ಮತ್ತೊಮ್ಮೆ ಪ್ರದರ್ಶನವಾಯಿತು. ನಮ್ಮ ಕಲಬುರಗಿ ಹೈದರಾಬಾದ್ ಸಂಸ್ಥಾನದಿಂದ ಬಿಡುಗಡೆಯಾಗಿ ಭಾರತ ಸೇರಿದ್ದು ಅದೇ ವರ್ಷದ ಸೆಪ್ಟೆಂಬರ್ 17ರಂದು. ನಾವು ದೇಶಕ್ಕೆ ಸೇರಿ ಇನ್ನೂ ಉಸಿರು ಬಿಡುವಷ್ಟರಲ್ಲಿ ದಿಲ್ಲಿಯಲ್ಲಿ ದೇಶದ ಮೊದಲ ಚಿತ್ರ ತಯಾರಾಗುತ್ತಿತ್ತು. ಪ್ರದರ್ಶನ ಮುಗಿದಾಗ ವಸ್ತುಗಳೆಲ್ಲ ತಂತಮ್ಮ ಊರಿಗೆ ಮರಳಲಿಲ್ಲ. ಅವುಗಳಲ್ಲಿ ಅನೇಕವು ಅಲ್ಲೇ ಉಳಿದು, 1949ರ ಆಗಸ್ಟ್ 15ರಂದು ಆರಂಭವಾದ ರಾಷ್ಟ್ರೀಯ ಮ್ಯೂಸಿಯಂನ ಬೀಜ ಸಂಗ್ರಹವಾದವು. 1960ರಲ್ಲಿ ಜನಪಥದ ಸ್ವಂತ ಕಟ್ಟಡಕ್ಕೆ ಮ್ಯೂಸಿಯಂ ಹೋಯಿತು. ಮೌರ್ಯರ ಕಾಲದ ಕಂಬವೊಂದರ ನೆತ್ತಿಯ ಮೇಲಿದ್ದ ರಾಮಪುರ್ವಾದ ಗೂಳಿ ಮಾತ್ರ ರಾಷ್ಟ್ರಪತಿ ಭವನದ ಕಂಬಗಳ ನಡುವೆಯೇ ಉಳಿಯಿತು. ಬಿಹಾರದ ಚಂಪಾರಣ್‌ನಲ್ಲಿ ಆ ಗೂಳಿ ನಿಂತಿದ್ದ ಕಂಬ ನೆಲದಲ್ಲಿ ಮಲಗಿದೆ. ಅದರ ಜೊತೆಯ ಸಿಂಹ ಕೋಲ್ಕತ್ತದಲ್ಲಿದೆ. ಕಂಬ ಒಂದು ಕಡೆ, ಗೂಳಿ ಒಂದು ಕಡೆ, ಸಿಂಹ ಇನ್ನೊಂದು ಕಡೆ. ಆ ಕಾಲದಲ್ಲಿ ಹೊಸ ದೇಶಕ್ಕೆ ತನ್ನದೇ ಆದ ಒಂದು ಮುಖ ತುರ್ತಾಗಿ ಬೇಕಿತ್ತು, ಹಾಗಾಗಿ ಅಂದಿನವರನ್ನು ನಾನು ದೂರುವುದಿಲ್ಲ. ಇವತ್ತು ಆ ತುರ್ತು ಇಲ್ಲ. 75 ವರ್ಷ ದಾಟಿದ ಗಣರಾಜ್ಯ ಇನ್ನೊಮ್ಮೆ ಎರವಲು ಪಡೆದು ಇಟ್ಟುಕೊಳ್ಳಬೇಕಾದ ಅಗತ್ಯವಿಲ್ಲ.

ಕನ್ನಡ ನಾಡಿನ ಮಟ್ಟಿಗಂತೂ ಈ ಚದುರುವಿಕೆ ಹಳೆಯ ಗಾಯ. ಯಾವ ಸೀಮೆ ಯಾರ ಆಡಳಿತದಲ್ಲಿತ್ತೋ ಆ ರಾಜಧಾನಿಗೆ ನಮ್ಮ ವಸ್ತುಗಳು ಹೋದವು. ಐಹೊಳೆಯ ಹುಚ್ಚಪ್ಪಯ್ಯನ ಗುಡಿಯ ಚಾವಣಿಯ ಬ್ರಹ್ಮ ಇರುವುದು ಮುಂಬಯಿಯ ಮ್ಯೂಸಿಯಂನಲ್ಲಿ. ಐಹೊಳೆಯದೇ ಆಕಾಶದಲ್ಲಿ ತೇಲುವ ಗಂಧರ್ವ ದಂಪತಿ ದಿಲ್ಲಿಯಲ್ಲಿದ್ದಾರೆ. ಬಳ್ಳಾರಿ, ರಾಯಚೂರಿನ ಗುಡ್ಡಗಳನ್ನು ಅಲೆದು ಬ್ರಿಟಿಷ್ ಭೂವಿಜ್ಞಾನಿ ರಾಬರ್ಟ್ ಬ್ರೂಸ್ ಫೂಟ್ ಒಟ್ಟು ಮಾಡಿದ ಕಲ್ಲಿನ ಆಯುಧಗಳು ಚೆನ್ನೈನಲ್ಲಿವೆ. ಇವನ್ನೆಲ್ಲ ನಾಳೆಯೇ ವಾಪಸು ಕೊಡಿ ಎಂದು ನಾನು ಕೇಳುತ್ತಿಲ್ಲ. ಆ ಮ್ಯೂಸಿಯಂಗಳು ಅವನ್ನು ಜೋಪಾನ ಮಾಡಿವೆ, ಮುಂಬಯಿಯಲ್ಲಿ ಆ ಬ್ರಹ್ಮನನ್ನು ನೋಡಿ ಐಹೊಳೆಗೆ ಹೊರಟು ಬಂದವರನ್ನು ನಾನೇ ಭೇಟಿಯಾಗಿದ್ದೇನೆ. ಇನ್ನು ಮುಂದೆ ಬೇಡ ಎಂಬುದಷ್ಟೇ ನನ್ನ ಮಾತು.

ಈ ವಿಷಯದಲ್ಲಿ ಮೆಕ್ಸಿಕೊ ದೇಶದ ಅನುಭವ ನೀವು ನೋಡಲೇಬೇಕು. 1964ರ ಸೆಪ್ಟೆಂಬರಿನಲ್ಲಿ ಅಲ್ಲಿ ರಾಷ್ಟ್ರೀಯ ಮಾನವಶಾಸ್ತ್ರ ಮ್ಯೂಸಿಯಂ ಶುರುವಾಯಿತು. ಜಗತ್ತಿನ ಅತ್ಯಂತ ಸುಂದರ ಮ್ಯೂಸಿಯಂಗಳಲ್ಲಿ ಅದೂ ಒಂದು ಎಂದು ಎಲ್ಲರೂ ಒಪ್ಪುತ್ತಾರೆ. ಅದರ ಬಾಗಿಲಿಗೆ ಒಂದು ದೈತ್ಯ ಶಿಲ್ಪ ಬೇಕಾಗಿತ್ತು. ಕೋಟ್ಲಿಂಚಾನ್ ಎಂಬ ಹಳ್ಳಿಯ ಹಳ್ಳದಲ್ಲಿ ಶತಮಾನಗಳಿಂದ ಮಲಗಿದ್ದ, ಮಳೆಯ ದೇವರು ಟ್ಲಾಲೋಕ್ ಎಂದು ಗುರುತಿಸಲಾಗಿದ್ದ ಸುಮಾರು 168 ಟನ್ ತೂಕದ ಕಲ್ಲನ್ನು ಆರಿಸಿದರು. ಹಳ್ಳಿಗರು ಒಪ್ಪಲಿಲ್ಲ. ಅದು ಹೋದರೆ ಮಳೆ ಹೋಗುತ್ತದೆ ಎಂದರು. ಸಾಗಿಸಲು ತಂದ ವಾಹನದ ಚಕ್ರಗಳ ಗಾಳಿ ತೆಗೆದರು, ಕೇಬಲ್ ಕತ್ತರಿಸಿದರು. ಕೊನೆಗೆ ಸೈನಿಕರು ಬಂದರು, ಶಾಲೆ, ರಸ್ತೆ, ಆರೋಗ್ಯ ಕೇಂದ್ರದ ಭರವಸೆ ಕೊಟ್ಟರು, ಅದೇ ವರ್ಷದ ಏಪ್ರಿಲ್ 16ರಂದು ಕಲ್ಲು ರಾಜಧಾನಿಗೆ ಹೊರಟಿತು. ಮ್ಯೂಸಿಯಂನ ಒಳಗೆ ಅಂಗಳದ ತುದಿಗೆ, ಎಲ್ಲ ದಾರಿಗಳೂ ಕೊನೆಗೊಳ್ಳುವಲ್ಲಿ, ರಾಜಧಾನಿಯನ್ನೇ ಕಟ್ಟಿದ ಆಜ್ಟೆಕ್ ಜನರ ಮಹಾ ಗ್ಯಾಲರಿ. ಮಾಯಾ, ಓಲ್ಮೆಕ್ ಮುಂತಾದ ಉಳಿದ ಜನರು ಅದರ ಎಡಬಲದಲ್ಲಿ. ನೂರಾರು ಭಾಷೆ, ನೂರಾರು ಊರುಗಳ ಚರಿತ್ರೆ ಒಂದು ರಾಜಧಾನಿಯ ಕಡೆಗೆ ಹತ್ತುವ ಮೆಟ್ಟಿಲಾಗಿಬಿಟ್ಟಿತು. ಹಳ್ಳಿಗೆ ದಶಕಗಳ ನಂತರ ಸಿಕ್ಕಿದ್ದು ಒಂದು ಪ್ರತಿಕೃತಿ.

ಈಗ ಸನ್ನತಿಗೆ ಮರಳೋಣ, ಅಲ್ಲಿ ನಡೆದದ್ದು ಇನ್ನೂ ಸೋಜಿಗದ್ದು. ಕನಗನಹಳ್ಳಿಯ ಸ್ತೂಪಕ್ಕಿಂತ ಮೊದಲೇ ಅಶೋಕ ಸನ್ನತಿಯಲ್ಲಿ ಕಾಣಿಸಿಕೊಂಡಿದ್ದ. ಚಂದ್ರಲಾಂಬಾ ದೇವಸ್ಥಾನದ ಆವರಣದ ಕಾಳಿಗುಡಿಯ ಚಾವಣಿ 1986ರಲ್ಲಿ ಕುಸಿಯಿತು. ಮೂರ್ತಿ ಒಡೆಯಿತು. ಅವಶೇಷ ಎತ್ತಿದಾಗ ಮೂರ್ತಿಯ ಪೀಠವಾಗಿದ್ದ ಕಲ್ಲಿನ ಎರಡೂ ಮೈಗಳಲ್ಲಿ ಬ್ರಾಹ್ಮಿ ಅಕ್ಷರಗಳು ಕಂಡವು. ಓದಿ ನೋಡಿದರೆ ಅಶೋಕನ 12 ಮತ್ತು 14ನೇ ಶಿಲಾಶಾಸನಗಳ ಭಾಗ, ಜೊತೆಗೆ ಕಳಿಂಗದ ಧೌಲಿ, ಜೌಗಡಗಳಲ್ಲಿ ಮಾತ್ರ ಸಿಕ್ಕಿದ್ದ ಎರಡು ಪ್ರತ್ಯೇಕ ಶಾಸನಗಳು. ಮೂರ್ತಿಯ ಬುಡ ಕೂರಿಸಲು ಯಾರೋ ಒಂದು ಕಾಲದಲ್ಲಿ ಕಲ್ಲಿನ ನಡುವೆ ಚೌಕಾಕಾರದ ಕುಳಿ ತೋಡಿದ್ದರು, ಆ ಭಾಗದ ಅಕ್ಷರಗಳು ಹೋಗಿವೆ. 12ನೇ ಶಾಸನ ಹೇಳುವುದೇನು? ಬೇರೆಯವರ ಪಂಥವನ್ನು ಗೌರವಿಸಬೇಕು, ಮಾತಿನಲ್ಲಿ ಹಿಡಿತ ಇರಬೇಕು, ತನ್ನ ಪಂಥದ ಮೇಲಿನ ಮೋಹದಿಂದ ಇನ್ನೊಂದನ್ನು ಹಳಿಯುವವನು ತನ್ನ ಪಂಥಕ್ಕೇ ಹೆಚ್ಚು ಕೇಡು ಮಾಡುತ್ತಾನೆ ಎಂದು. ಆ ಮಾತುಗಳ ಮೇಲೆ ದೇವಿ ಕೂತಿದ್ದಳು. ಅಕ್ಷರ ಓದಲು ಬಾರದ ಜನ ಶತಮಾನಗಳ ಕಾಲ ಆ ಕಲ್ಲಿಗೆ ನೀರೆರೆದರು, ಕುಂಕುಮ ಹಚ್ಚಿದರು. ಇವತ್ತಿಗೂ ಚಂದ್ರಲಾಂಬೆ ಕರ್ನಾಟಕ, ಮಹಾರಾಷ್ಟ್ರಗಳ ಎಷ್ಟೋ ಮನೆತನಗಳ ಕುಲದೇವತೆ.

ಈ ಕಲ್ಲನ್ನು ಗಾಜಿನ ಪೆಟ್ಟಿಗೆಯಲ್ಲಿಟ್ಟು ‘ಮೌರ್ಯ, ಕ್ರಿ.ಪೂ. 3ನೇ ಶತಮಾನ’ ಎಂದು ಲೇಬಲ್ ಅಂಟಿಸಿದರೆ ತಪ್ಪೇನಿಲ್ಲ. ಆದರೆ ಆ ಕಲ್ಲು ಬಾಳಿದ ಎರಡು ಸಾವಿರ ವರ್ಷದ ಬಾಳಿನಲ್ಲಿ ಕೆತ್ತಿದ ದಿನವೊಂದೇ ಉಳಿದು, ಮಿಕ್ಕದ್ದೆಲ್ಲ ಅಳಿಸಿಹೋಗುತ್ತದೆ. ಬೌದ್ಧರ ನೆಲೆ ಯಾಕೆ ಬರಿದಾಯಿತು, ದೇವಿಯ ಗುಡಿ ಕಟ್ಟಿದವರು ಆ ಕಲ್ಲನ್ನು ಎಲ್ಲಿಂದ ತಂದರು, ಬರಹವಿರುವ ಕಲ್ಲೆಂದು ಆರಿಸಿದರೋ ಅಗಲವಾಗಿದೆಯೆಂದು ಆರಿಸಿದರೋ? ಇವು ಯಾರೂ ಉತ್ತರಿಸದ ಪ್ರಶ್ನೆಗಳು. ಸನ್ನತಿಯಲ್ಲಿ ನಿಂತ ವಿದ್ಯಾರ್ಥಿಗೆ ಈ ಪ್ರಶ್ನೆಗಳು ತಾವಾಗಿಯೇ ಹುಟ್ಟುತ್ತವೆ, ಏಕೆಂದರೆ ಗುಡಿಯೂ ಅಲ್ಲೇ ಇದೆ, ಸ್ತೂಪವೂ ಅಲ್ಲೇ ಇದೆ, ಹೊಳೆಯೂ ಹರಿಯುತ್ತಿದೆ. ನನ್ನ ವಿದ್ಯಾರ್ಥಿನಿಯೊಬ್ಬಳು ಅಲ್ಲಿ ನಿಂತು “ಸರ, ಹಂಗಾದ್ರ ಬೌದ್ಧರು ಮತ್ತ ನಮ್ಮ ಮುತ್ಯಾಂದಿರು ಬ್ಯಾರೆ ಬ್ಯಾರೆ ಮಂದಿನಾ, ಒಂದ ಮಂದಿನಾ?” ಎಂದು ಕೇಳಿದಳು. ರಾಷ್ಟ್ರೀಯ ಅಸ್ಮಿತೆ ಎಂದು ನೀವು ಕರೆಯುವುದರ ತಿರುಳೇ ಆ ಪ್ರಶ್ನೆಯಲ್ಲಿದೆ. ದಿಲ್ಲಿಯ ಗ್ಯಾಲರಿಯಲ್ಲಿ ಅದು ಹುಟ್ಟುವುದು ಕಷ್ಟ.

ಇನ್ನು ಆ 5000 ವರ್ಷಗಳ ಲೆಕ್ಕ. ಹರಪ್ಪದಿಂದ ಎಣಿಸಿದರೆ ಅಷ್ಟಾಗುತ್ತದೆ. ನಮ್ಮ ಪಕ್ಕದ ಯಾದಗಿರಿ ಜಿಲ್ಲೆಯ ಇಸಾಂಪುರದಲ್ಲಿ ಪುಣೆಯ ಡೆಕ್ಕನ್ ಕಾಲೇಜಿನ ಕೆ. ಪದ್ದಯ್ಯ ಮತ್ತು ಸಂಗಡಿಗರು ಅಗೆದು ತೆಗೆದ ಕಲ್ಲಿನ ಕೊಡಲಿಗಳ ಕಾರ್ಯಾಗಾರಕ್ಕೆ ಸುಮಾರು 12 ಲಕ್ಷ ವರ್ಷ ಎಂದು ಅಂದಾಜಿದೆ. ಅಲ್ಲಿ ಕೂತು ಕಲ್ಲು ಒಡೆದವರು ನಮ್ಮ ಪ್ರಭೇದದ ಮನುಷ್ಯರೂ ಅಲ್ಲ. ಅವರಿಗೆ ಭಾರತವಿರಲಿಲ್ಲ, ಕರ್ನಾಟಕವಿರಲಿಲ್ಲ. ಅವರನ್ನು ಯಾವ ದೇಶದ ಹೆಮ್ಮೆಗೂ ಜೋಡಿಸಲಾಗದು. ಅದಕ್ಕೇ ಅವರು ಮೊದಲ ಕೊಠಡಿಯಲ್ಲಿರಬೇಕು ಎನ್ನುತ್ತೇನೆ: ಈ ನೆಲ ನಮಗಿಂತ ಹಳೆಯದು ಎಂದು ಒಳಗೆ ಕಾಲಿಡುವಾಗಲೇ ತಿಳಿಯಲಿ.

ಬಳ್ಳಾರಿ, ರಾಯಚೂರು, ಕೊಪ್ಪಳ, ಯಾದಗಿರಿಯ ಸೀಮೆಯಲ್ಲಿ ಬೂದಿದಿಬ್ಬಗಳಿವೆ. ಕುಪ್ಪಗಲ್ಲು, ಬೂದಿಹಾಳ, ಇನ್ನೂ ಅನೇಕ ಕಡೆ. ಹಂಪಿಯ ಹತ್ತಿರದ ನಿಂಬಾಪುರದ ದಿಬ್ಬವನ್ನು ಜನ ವಾಲಿಯನ್ನು ಸುಟ್ಟ ಬೂದಿ ಎನ್ನುತ್ತಾರೆ. ಬ್ರೂಸ್ ಫೂಟ್ ಕಾಲದಿಂದ ನಡೆದ ವಾದವಿವಾದ, ಅಗೆತಗಳ ಫಲವಾಗಿ ಅವು ನವಶಿಲಾಯುಗದ ದನಗಾಹಿಗಳು ಸಗಣಿಯ ರಾಶಿಯನ್ನು ಮತ್ತೆ ಮತ್ತೆ ಸುಟ್ಟು ಆದ ದಿಬ್ಬಗಳು ಎಂದು ಗೊತ್ತಾಗಿದೆ. ನಾಲ್ಕು ಸಾವಿರ ವರ್ಷಕ್ಕೂ ಹಿಂದೆ ದನಗಳ ಸುತ್ತ ಬದುಕು ಕಟ್ಟಿಕೊಂಡವರು ಅವರು. ಸುಟ್ಟದ್ದು ಯಾಕೆ, ರೋಗ ಬಾರದಿರಲೆಂದೋ ಹಬ್ಬದ ಆಚರಣೆಯೋ, ಚರ್ಚೆ ಮುಗಿದಿಲ್ಲ. ಸಂಕ್ರಾಂತಿಗೆ ದನಗಳನ್ನು ಕಿಚ್ಚು ಹಾಯಿಸುವ ನಾಡಿನವರಿಗೆ ಈ ಚರ್ಚೆ ದೂರದ್ದಲ್ಲ. ಆದರೆ ಬೂದಿಯನ್ನು ಮ್ಯೂಸಿಯಂನಲ್ಲಿ ಹೇಗೆ ಇಡುವುದು? ಚಿನ್ನವಿಲ್ಲ, ನರ್ತಕಿಯಿಲ್ಲ, ಮುದ್ರೆಯಿಲ್ಲ, ಊರಿನ ನಕ್ಷೆಯಿಲ್ಲ. ಆದ್ದರಿಂದ ದೇಶದ ಕಥೆಯಲ್ಲಿ ಇವರಿಗೆ ಜಾಗವೂ ಇಲ್ಲ. ಕುಪ್ಪಗಲ್ಲಿನ ಗುಡ್ಡದ ಬಂಡೆಗಳ ಮೇಲಿನ ಗೀರು ಚಿತ್ರಗಳನ್ನು ಕಲ್ಲುಗಣಿಗಾರಿಕೆ ತಿನ್ನುತ್ತಿದ್ದಾಗ ರಾಷ್ಟ್ರದ ಕಣ್ಣಿಗೆ ಬೀಳಲಿಲ್ಲ. ಬಳ್ಳಾರಿಯಲ್ಲಿ ಫೂಟ್ ಹೆಸರಿನ ಸಂಗನಕಲ್ಲು ಮ್ಯೂಸಿಯಂ ಒಂದು ಈ ಜನರ ಕಥೆಯನ್ನು ಅಚ್ಚುಕಟ್ಟಾಗಿ ಹೇಳುತ್ತಿದೆ. ನಿಮ್ಮ 950 ಕೊಠಡಿಗಳಲ್ಲಿ ಒಂದು ಕೊಠಡಿ ಬೂದಿಗೆ ಸಿಗಲಿ. ಬೂದಿದಿಬ್ಬವನ್ನು ಅಡ್ಡಕೊಯ್ದು ತೋರಿಸುವ ಒಂದು ಪದರಚಿತ್ರ, ಪಕ್ಕದಲ್ಲಿ ವಾಲಿಯ ಕಥೆ. ಅಷ್ಟು ಸಾಕು.

ಹಳಮೆಯ ಪೈಪೋಟಿ ಬಗ್ಗೆಯೂ ಹೇಳಲೇಬೇಕು. ಮ್ಯೂಸಿಯಂಗಳು ದೇಶದ ಗುರುತು ಕಟ್ಟುವ ಕೆಲಸ ಎಂಥ ಅತಿರೇಕಕ್ಕೆ ಹೋಗಬಹುದು ಎಂಬುದಕ್ಕೆ ನಮ್ಮ ವಿಭಜನೆಯೇ ಸಾಕ್ಷಿ. ಮೊಹೆಂಜೊದಾರೊದ ಸಂಗ್ರಹವನ್ನು ಭಾರತ, ಪಾಕಿಸ್ತಾನಗಳು ಹಂಚಿಕೊಂಡಾಗ ಒಂದು ಕಂಠಹಾರವನ್ನೂ ಒಂದು ಸೊಂಟಪಟ್ಟಿಯನ್ನೂ ಬಿಚ್ಚಿ ಮಣಿಗಳನ್ನು ಅರ್ಧರ್ಧ ಮಾಡಿಕೊಂಡರು. ನಾಲ್ಕು ಸಾವಿರ ವರ್ಷ ಮಣ್ಣಲ್ಲಿ ಕೂಡಿಯೇ ಇದ್ದ ಮಣಿಗಳು! ಹರಪ್ಪವೂ ಮೊಹೆಂಜೊದಾರೊವೂ ಗಡಿಯಾಚೆ ಉಳಿದ ಮೇಲೆ ನಮ್ಮಲ್ಲಿ ಲೋಥಲ್, ಕಾಲಿಬಂಗನ್‌ಗಳಂಥ ಅದೇ ಕಾಲದ ಊರುಗಳ ಹುಡುಕಾಟ ಬಿರುಸಾಯಿತು. ಅದರಿಂದ ವಿದ್ಯೆಗೆ ಲಾಭವೇ ಆಯಿತು, ನಿಜ. ಆದರೆ ‘ಯಾರದು ಹಳೆಯದು’ ಎಂಬ ಚಟ ಅಂಟಿಕೊಂಡಿತು. ಈಗ ತಮಿಳುನಾಡಿನ ಪ್ರಾಚೀನ ನೆಲೆ ಕೀಳಡಿಯನ್ನು ನೋಡಿ. 2014ರಲ್ಲಿ ನಿಮ್ಮ ಇಲಾಖೆಯದೇ ಬೆಂಗಳೂರು ಶಾಖೆ ಅಲ್ಲಿ ಅಗೆಯಲು ಶುರು ಮಾಡಿತು. 2023ರ ಜನವರಿಯಲ್ಲಿ ಸಲ್ಲಿಕೆಯಾದ ವರದಿಯ ಕಾಲನಿರ್ಣಯ ಸರಿಪಡಿಸಿ ಎಂದು 2025ರಲ್ಲಿ ಹಿಂದಕ್ಕೆ ಕಳಿಸಿದಿರಿ. ಅಷ್ಟರಲ್ಲಿ ರಾಜ್ಯ ಸರ್ಕಾರ ಅಲ್ಲಿ ತನ್ನದೇ ಭವ್ಯ ಮ್ಯೂಸಿಯಂ ತೆರೆದಾಗಿತ್ತು. ಒಂದು ಕಡೆ ಅನುಮಾನ, ಇನ್ನೊಂದು ಕಡೆ ಅಭಿಮಾನ. ನಡುವೆ ಮಡಕೆಚೂರುಗಳು. ಕಾಲನಿರ್ಣಯದ ಬಗ್ಗೆ ತಕರಾರಿದ್ದರೆ ವರದಿಯನ್ನು ಪ್ರಕಟಿಸಿ, ತಕರಾರನ್ನೂ ಅದರ ಪಕ್ಕದಲ್ಲೇ ಪ್ರಕಟಿಸಿ. ವಿದ್ವಾಂಸರು ಜಗಳವಾಡಲಿ, ಜನ ಓದಲಿ. ತಡೆದಷ್ಟೂ ಅಭಿಮಾನ ಗಟ್ಟಿಯಾಗುತ್ತದೆ, ಸತ್ಯ ತೆಳ್ಳಗಾಗುತ್ತದೆ.

ಕನ್ನಡಿಗರೂ ಈ ಪೈಪೋಟಿಯಿಂದ ಹೊರಗಿಲ್ಲ. ಹಲ್ಮಿಡಿ ಶಾಸನವನ್ನೇ ತೆಗೆದುಕೊಳ್ಳಿ. 1936ರಲ್ಲಿ ಎಂ. ಎಚ್. ಕೃಷ್ಣ ಅವರು ಬೇಲೂರು ತಾಲ್ಲೂಕಿನ ಆ ಊರಲ್ಲಿ ಗುರುತಿಸಿದ ಕಲ್ಲು ಈಗ ಮೈಸೂರಿನಲ್ಲಿದೆ, ಊರಲ್ಲಿ ಇರುವುದು ಪ್ರತಿಕೃತಿ. 2008ರಲ್ಲಿ ಶಾಸ್ತ್ರೀಯ ಭಾಷೆಯ ಸ್ಥಾನ ಬಂದಾಗ ನಮ್ಮ ಬಾಯಲ್ಲೆಲ್ಲ ಹಲ್ಮಿಡಿ. ಅದು ಕನ್ನಡದ ಮೊದಲ ಶಾಸನವೇ, ಅದಕ್ಕಿಂತ ಹಳೆಯದು ತಾಳಗುಂದದಲ್ಲಿದೆಯೇ ಎಂದು ಇಂದಿಗೂ ವಾಗ್ವಾದ. ಆದರೆ ಆ ಶಾಸನವನ್ನು ನಿಧಾನವಾಗಿ ಓದಿದರೆ ಸಿಗುವುದು ಬೇರೆ ಸಂತೋಷ. ಸಂಸ್ಕೃತ ಶ್ಲೋಕದಿಂದ ಶುರುವಾಗುತ್ತದೆ, ಸಂಸ್ಕೃತದ ಉದ್ದುದ್ದ ಸಮಾಸಗಳ ನಡುವೆ ಕನ್ನಡ ತಲೆ ಎತ್ತುತ್ತದೆ, ಯುದ್ಧದಲ್ಲಿ ಹೋರಾಡಿದವನಿಗೆ ಪಲ್ಮಿಡಿ, ಮೂಳಿವಳ್ಳಿ ಎಂಬ ಎರಡು ಹಳ್ಳಿಗಳನ್ನು ಕೊಟ್ಟ ವಿಷಯ ಹೇಳುತ್ತದೆ. ಮೊದಲ ಸಾಲಿನಿಂದಲೇ ಬೆರಕೆ. ಶುದ್ಧವಾದ ಒಂದು ಆರಂಭ ಹುಡುಕಿ ಹೋದವರಿಗೆ ಆ ಕಲ್ಲು ಸಿಗುವುದೇ ಇಲ್ಲ. ಈ ಮಾತನ್ನು ಹೇಳುವ ಲೇಬಲ್ ನಮ್ಮ ರಾಜ್ಯದ ಮ್ಯೂಸಿಯಂಗಳಲ್ಲಿಯೂ ಬರಲಿ ಎಂಬುದು ನನ್ನ ಆಸೆ.

ಮಧ್ಯಯುಗದ ವಿಭಾಗದ ಬಗ್ಗೆ ಒಂದೇ ಮಾತು. ಬಹಮನಿಗಳ ಕೋಟೆಯ ನೆರಳಲ್ಲಿ, ಬಂದೇನವಾಜರ ದರ್ಗಾ ಮತ್ತು ಶರಣಬಸವೇಶ್ವರರ ಗುಡಿಯ ನಡುವೆ ಬೆಳೆದವನು ನಾನು. ಬೀದರಿನಲ್ಲಿ ಮಹಮೂದ್ ಗವಾನ್ 1472ರಲ್ಲಿ ಕಟ್ಟಿಸಿದ ಮದರಸಾದ ಗೋಡೆಗಳ ಮೇಲೆ ಇವತ್ತಿಗೂ ಬಣ್ಣದ ಹೆಂಚುಗಳು ಉಳಿದಿವೆ. ಈ ಜನರನ್ನು ‘ದಾಳಿ’ ಎಂಬ ಕೊಠಡಿಯಲ್ಲಿ ಕೂರಿಸಿದರೆ ನಮ್ಮ ಜಿಲ್ಲೆಯ ಅರ್ಧ ಮಕ್ಕಳಿಗೆ ನಿಮ್ಮ ಮ್ಯೂಸಿಯಂನಲ್ಲಿ ತಮ್ಮ ಊರೇ ಕಾಣಿಸುವುದಿಲ್ಲ.

ಊರು ಕಾಣಿಸಬೇಕು ಎಂದೆ. ಒಮ್ಮೆ ಮಕ್ಕಳನ್ನು ಒಂದು ದೊಡ್ಡ ಮ್ಯೂಸಿಯಂಗೆ ಕರೆದೊಯ್ದಿದ್ದೆ. ಒಂದು ವೀರಗಲ್ಲಿನ ಮುಂದೆ ನಿಂತು ಅವರು ಕೇಳಿದ್ದು ಒಂದೇ: “ಇದು ಯಾವೂರಿಂದು?” ಲೇಬಲ್ಲಿನಲ್ಲಿ ಇದ್ದದ್ದು ‘ವೀರಗಲ್ಲು, ದಕ್ಷಿಣ ಭಾರತ, 12ನೇ ಶತಮಾನ’. ಅದೂ ಅವರು ಓದಲಾರದ ಭಾಷೆಯಲ್ಲಿ. ಸತ್ತವನ ಹೆಸರು, ಅವನ ಊರು, ಅವನು ಯಾರ ದನಗಳನ್ನು ಬಿಡಿಸಲು ಹೋಗಿ ಸತ್ತ ಎಂಬುದು ಕಲ್ಲಿನ ಮೇಲೇ ಕನ್ನಡದಲ್ಲಿ ಬರೆದಿತ್ತು. ಅದರ ಸಾರ ಲೇಬಲ್ಲಿಗೆ ಬಂದಿರಲಿಲ್ಲ. ಬೆಂಗಳೂರಿನ ಸರ್ಕಾರಿ ಮ್ಯೂಸಿಯಂನ ಆತಕೂರು ಶಾಸನದಲ್ಲಿ ಚೋಳರನ್ನು ತಕ್ಕೋಲದಲ್ಲಿ ಸೋಲಿಸಿದ ಯುದ್ಧದ ಜೊತೆಗೆ, ಕಾಡುಹಂದಿಯ ಜೊತೆ ಹೋರಾಡಿ ಸತ್ತ ಕಾಳಿ ಎಂಬ ನಾಯಿಯ ನೆನಪೂ ಇದೆ. 10ನೇ ಶತಮಾನದ ಜನ ರಾಜರ ಗೆಲುವನ್ನೂ ಒಂದು ನಾಯಿಯ ನಿಷ್ಠೆಯನ್ನೂ ಒಂದೇ ಕಲ್ಲಿನಲ್ಲಿ ಕೆತ್ತಿದರು. ರಾಷ್ಟ್ರೀಯ ಮ್ಯೂಸಿಯಂ ಎಂದರೆ ರಾಜರ ಸಾಲು ಎಂದು ನಂಬಿದವರಿಗೆ ಆ ಕಲ್ಲನ್ನು ತೋರಿಸಬೇಕು. ಬೆಂಗಳೂರಿನ ಹೆಬ್ಬಾಳದಲ್ಲಿ 2018ರಲ್ಲಿ ನೆಲ ಅಗೆಯುವಾಗ ಸಿಕ್ಕ ಸುಮಾರು 8ನೇ ಶತಮಾನದ ಕಿತ್ತಯ್ಯನ ವೀರಗಲ್ಲನ್ನು ಆ ಬಡಾವಣೆಯ ಜನ, ಶಾಸನಪ್ರಿಯರು ಸೇರಿ ಅಲ್ಲೇ ಮಂಟಪ ಕಟ್ಟಿ ನಿಲ್ಲಿಸಿದರು. ಬೇರೆ ಬೇರೆ ರಾಜ್ಯಗಳಿಂದ ಬಂದು ನೆಲೆಸಿದವರೂ ಅದರಲ್ಲಿ ಇದ್ದರು. 1200 ವರ್ಷದ ಹಿಂದೆ ಸತ್ತ ಒಬ್ಬ ಹಳ್ಳಿಗ ಅವರೆಲ್ಲರಿಗೂ ತಮ್ಮವನಾದ. ಅದಕ್ಕೆ ಯಾವ ಸಚಿವಾಲಯವೂ ಬೇಕಾಗಲಿಲ್ಲ.

ಹಾಗಾದರೆ ನೀವು ಏನು ಮಾಡಬೇಕು ಎಂದು ಕೇಳುತ್ತೀರಿ. ಮೊದಲು ಕನಗನಹಳ್ಳಿ. ಅಗೆದು ತೆಗೆದ ಫಲಕಗಳು ವರ್ಷಗಟ್ಟಲೆ ಬಿಸಿಲು ಮಳೆಗೆ ಮೈಯೊಡ್ಡಿ ಬಿದ್ದಿದ್ದವು, ಜೀರ್ಣೋದ್ಧಾರದ ಕೆಲಸ ಶುರುವಾದದ್ದು ಈಚೆಗಷ್ಟೇ. ಸುಣ್ಣದಕಲ್ಲು ಗಟ್ಟಿ ಕಲ್ಲಲ್ಲ. ಶಹಾಬಾದಿ ಫರಸಿ ಹಾಸಿದ ಮನೆಯಲ್ಲಿ ಹುಟ್ಟಿದ ನಮಗೆ ಅದು ಹೇಗೆ ಪದರು ಬಿಡುತ್ತದೆಂದು ಗೊತ್ತು. ದಿಲ್ಲಿಯ ಒಂದೆರಡು ಕೊಠಡಿಗಳ ಖರ್ಚಿನಲ್ಲಿ ಅಲ್ಲಿ ತಾಪಮಾನ ಕಾಯುವ, ಕಾವಲಿರುವ, ಕನ್ನಡ, ಮರಾಠಿ, ತೆಲುಗು ಬಲ್ಲ ಮಾರ್ಗದರ್ಶಕರಿರುವ ಒಂದು ಒಳ್ಳೆಯ ಮ್ಯೂಸಿಯಂ ನಡೆಯುತ್ತದೆ. ಆ ಊರಿನ ಹುಡುಗ ಹುಡುಗಿಯರಿಗೇ ತರಬೇತಿ ಕೊಡಿ. ಅಶೋಕನನ್ನು ಮಾತ್ರ ತೋರಿಸಬೇಡಿ. ಅದೇ ಸ್ತೂಪದಲ್ಲಿ ಶಾತವಾಹನ ರಾಜರ ಹೆಸರು ಬರೆದ ಶಿಲ್ಪಗಳಿವೆ, ಫಲಕಗಳಿಗೆ ದಾನ ಕೊಟ್ಟ ಭಿಕ್ಷುಣಿಯರ, ಗೃಹಸ್ಥರ ಹೆಸರುಗಳಿವೆ. ರಾಜನ ಹೆಸರಿನಷ್ಟೇ ದೊಡ್ಡ ಅಕ್ಷರದಲ್ಲಿ ಆ ಭಿಕ್ಷುಣಿಯರ ಹೆಸರೂ ಗೋಡೆಯ ಮೇಲೆ ಬರಲಿ. ಚಂದ್ರಲಾಂಬೆಯ ದರ್ಶನಕ್ಕೆ ಬರುವ ಸಾವಿರಾರು ಜನ ಇನ್ನಷ್ಟು ಮುಂದೆ ಹೋಗಿ ಅದನ್ನೂ ನೋಡಿ ಹೋಗುವಂತಾದರೆ ನಿಮ್ಮ ಉದ್ದೇಶ ದಿಲ್ಲಿಗಿಂತ ಹೆಚ್ಚು ಇಲ್ಲಿ ಈಡೇರುತ್ತದೆ.

ದಿಲ್ಲಿಗೆ ವಸ್ತುಗಳು ಬೇಡವೇ ಬೇಡ ಎನ್ನುವಷ್ಟು ಹಠ ನನಗಿಲ್ಲ. ಜನಪಥದ ಮ್ಯೂಸಿಯಂನಲ್ಲೇ ಎರಡು ಲಕ್ಷ ವಸ್ತುಗಳಿವೆ, ಅವುಗಳಲ್ಲಿ ಬಹುಪಾಲು ಬೆಳಕೇ ಕಂಡಿಲ್ಲ, ಅವು ಹೊರಬರಲಿ. ಊರಿಂದ ಏನಾದರೂ ಬೇಕಿದ್ದರೆ ಎರವಲಾಗಿ ತನ್ನಿ. ಎಷ್ಟು ತಿಂಗಳಿಗೆ ಎಂದು ಬರೆದುಕೊಡಿ, ಹೇಳಿದ ದಿನಕ್ಕೆ ಮರಳಿಸಿ. ಬದಲಿಗೆ ದಿಲ್ಲಿಯಲ್ಲಿರುವ ಐಹೊಳೆಯ ಗಂಧರ್ವರನ್ನು ಆರು ತಿಂಗಳು ಐಹೊಳೆಯ ಮ್ಯೂಸಿಯಂಗೆ ಕಳಿಸಿ. ಬಾಗಲಕೋಟೆಯ ಮಕ್ಕಳು ಅವರನ್ನು ಅವರ ಊರಲ್ಲೇ ನೋಡಲಿ. ಪ್ರತಿ ಲೇಬಲ್ಲಿನಲ್ಲಿ ಕಾಲಕ್ಕಿಂತ ಮೊದಲು ಊರಿನ ಹೆಸರಿರಲಿ, ಸಿಕ್ಕ ಬಗೆಯಿರಲಿ, ವಿದ್ವಾಂಸರಲ್ಲಿ ಭಿನ್ನಾಭಿಪ್ರಾಯವಿದ್ದರೆ ಅದೂ ಇರಲಿ. ವಸ್ತು ಯಾವ ಭಾಷೆಯ ಸೀಮೆಯಿಂದ ಬಂದಿದೆಯೋ ಆ ಭಾಷೆಯಲ್ಲೂ ಲೇಬಲ್ ಇರಲಿ. ಕನ್ನಡದ ಕಲ್ಲಿಗೆ ಕನ್ನಡದ ಲೇಬಲ್ ಕೇಳುವುದು ದೊಡ್ಡ ಬೇಡಿಕೆಯಲ್ಲ.

ಕೊನೆಯದಾಗಿ, ತಕ್ಷಣವೇ ಮಾಡಬಹುದಾದ ಒಂದು ಕೆಲಸ. ಹೊಸ ಮ್ಯೂಸಿಯಂಗೆ ಎಲ್ಲೆಲ್ಲಿಂದ ಯಾವ ಯಾವ ವಸ್ತುಗಳನ್ನು ತರಬೇಕೆಂದಿದ್ದೀರಿ ಎಂಬ ಪಟ್ಟಿಯನ್ನು, ಊರು, ಜಿಲ್ಲೆ, ಈಗಿರುವ ಜಾಗದ ಸಮೇತ, ಒಂದೇ ಒಂದು ಪೆಟ್ಟಿಗೆ ಕಟ್ಟುವ ಮೊದಲು ಜನರ ಮುಂದಿಡಿ. ಆಯಾ ಗ್ರಾಮ ಪಂಚಾಯತಿಗೆ ಅದರ ಭಾಷೆಯಲ್ಲಿ ಒಂದು ಪ್ರತಿ ಕಳಿಸಿ, ಉತ್ತರ ಬರೆಯಲು ಮೂರು ತಿಂಗಳು ಸಮಯ ಕೊಡಿ. ಸನ್ನತಿಯ ಪಂಚಾಯತಿಗೆ ಬರುವ ಪ್ರತಿಯನ್ನು ಓದಿ ಹೇಳಲು, ಅವರ ಉತ್ತರವನ್ನು ಬರೆದುಕೊಡಲು ನಾನು ಸಿದ್ಧನಿದ್ದೇನೆ.

ಇಂತಿ ನಿಮ್ಮ ವಿಶ್ವಾಸಿ,
ಒಬ್ಬ ನಿವೃತ್ತ ಇತಿಹಾಸದ ಮಾಸ್ತರ
ಕಲಬುರಗಿ ಜಿಲ್ಲೆ